ಮರುಮಾತಿಗೆ ಕಾದ ಮೌತಾರ್ಗನ್

ಕಳೆದ ವಾರ ಧಾರವಾಡದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ದವಡೆ ಹಲ್ಲೊಂದು ಬಹಳ ದಿನದಿಂದ ಕಾಡುತ್ತಿತ್ತು. ಡಾಕ್ಟರು ಹತ್ತಿಯ ತುಣುಕನ್ನು ಲವಂಗದ ಎಣ್ಣೆಯಲ್ಲಿ ಅದ್ದಿ ಹಲ್ಲಿನ ಸಂದಿಗೆ ಒತ್ತಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಯಿ ತೆರೆದುಕೊಂಡು ಮಲಗಿದ್ದ ನನ್ನ ಕಣ್ಣಲ್ಲಿ ನೀರು ತುಂಬಿತು. "ಭಾಳ ನೋವಾತೇನ್ರಿ ಮೇಡಂ?" ಎಂದು ಡಾಕ್ಟರು ಗಾಬರಿಯಾದರು. ಬಾಯಿ ತುಂಬ ಹತ್ತಿ, ಏನು ಹೇಳಲಿ? ಅದು ನೋವಿಗೆ ಬಂದ ನೀರಲ್ಲ, ಸಿಟ್ಟಿಗೆ ಬಂದದ್ದು. ಇಷ್ಟು ವರ್ಷವಾದರೂ ಇಳಿಯದ ಸಿಟ್ಟು...

ಲವಂಗ ಎಂದರೆ ನನಗೆ ಮೌತಾರ್ಗನ್ ಕಾಕಾ. ಸ್ಟೇಜು ಹತ್ತುವ ಮೊದಲು ಅವರು ಲವಂಗ ಕುದಿಸಿದ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದರು. ಮೌತಾರ್ಗನ್ನಿನ ಒಳಗೆ ಸಣ್ಣ ಸಣ್ಣ ಹಿತ್ತಾಳೆ ನಾಲಿಗೆಗಳಿರುತ್ತವೆ. ಒಂದೊಂದು ನಾಲಿಗೆಗೆ ಒಂದೊಂದು ಸ್ವರ. ಅಡಿಕೆಯ ಒಂದು ಚೂರು ಒಳಗೆ ಹೋದರೂ ಅದು ಅಲ್ಲಿಗೇ ಮೂಕ. ಅದಕ್ಕೇ ಕಾರ್ಯಕ್ರಮದ ದಿನ ಅವರು ಎಲೆ ಹಾಕುತ್ತಿರಲಿಲ್ಲ, ಹೊಟ್ಟೆ ತುಂಬ ಉಣ್ಣುತ್ತಲೂ ಇರಲಿಲ್ಲ. ಅಡಿಗೆಯವರು ಕರೆದು ಕರೆದು ಬೇಸತ್ತರೆ, "ಮೊದಲ ಇದರ ಹೊಟ್ಟಿ ತುಂಬ್ಲಿ, ಆಮ್ಯಾಲ ನಂದು" ಎಂದು ಅಂಗಿಯ ಕಿಸೆ ತಟ್ಟಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಬೈಲಹೊಂಗಲದಲ್ಲಿ ಒಂದು ಆರ್ಕೆಸ್ಟ್ರಾ ಇತ್ತು. ಪೇಟೆಯಲ್ಲಿ ಮೈಕ್‌ಸೆಟ್ಟು ಬಾಡಿಗೆಗೆ ಕೊಡುತ್ತಿದ್ದವರೊಬ್ಬರು ಅದರ ಮಾಲಕರು. ಮದುವೆ, ಗಣಪತಿ ಹಬ್ಬ, ಸಾಲಿಯ ವಾರ್ಷಿಕ ಗ್ಯಾದರಿಂಗು, ಎಲ್ಲಿಂದ ಕರೆ ಬಂದರೂ ನಮ್ಮ ತಂಡ ಟೆಂಪೋ ಹತ್ತಿ ಹೊರಡುತ್ತಿತ್ತು. ಇವತ್ತು ಕಿತ್ತೂರು, ನಾಳೆ ಸವದತ್ತಿ, ನಾಡಿದ್ದು ರಾಮದುರ್ಗ. ಆ ತಂಡದಲ್ಲಿ ಹಾಡುವ ಹುಡುಗಿ ನಾನು.

ನಮ್ಮಪ್ಪನದು ಅಡತಿ ಅಂಗಡಿ, ಹತ್ತಿಯ ದಲ್ಲಾಳಿ ವ್ಯಾಪಾರ. ಮನೆಯ ಮಗಳು ಸ್ಟೇಜಿನ ಮೇಲೆ ನಿಂತು ಸಿನಿಮಾ ಹಾಡು ಹಾಡುವುದು ನಮ್ಮ ಮನೆತನದಲ್ಲಿ ಆಗಿಹೋಗುವ ಸಂಗತಿಯೇ ಅಲ್ಲ. ನನಗಾಗಿ ಜಗಳ ಮಾಡಿದವಳು ನಮ್ಮ ಸೋದರತ್ತೆ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಇಡೀ ಮನೆಯನ್ನು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಿದ್ದವಳು. "ಕೂಸಿನ ಜೋಡಿ ನಾ ಹೋಗತೇನಿ. ನಾ ಇದ್ದಲ್ಲೆ ಯಾಂವ ಏನ ಮಾತಾಡತಾನ ನೋಡೂಣು" ಎಂದಳು. ಅಪ್ಪ ಸುಮ್ಮನಾದರು. ಹೀಗಾಗಿ ನಾನು ಹಾಡಿದ ಒಂದೊಂದು ಕಾರ್ಯಕ್ರಮದಲ್ಲೂ ಸ್ಟೇಜಿನ ಬಗಲಲ್ಲಿ ಒಂದು ಕಬ್ಬಿಣದ ಕುರ್ಚಿ, ಅದರಲ್ಲಿ ಎಲೆ ಅಡಿಕೆ ಚೀಲ ಹಿಡಿದ ನಮ್ಮತ್ತಿ.

ಆ ಟೆಂಪೋದ ಡ್ರೈವರೇ ಕಾಕಾ.

ಹೌದು, ಮಾಲಕರು ಅವರನ್ನು ತೆಗೆದುಕೊಂಡದ್ದು ಗಾಡಿ ಹೊಡೆಯಲಿಕ್ಕೆ. ಮೌತಾರ್ಗನ್ ಬಾರಿಸುತ್ತಾರೆಂಬುದು ಮೇಲೊಂದು ಕೊಸರು. ಬೈಲಹೊಂಗಲದ ಡ್ರೈವರುಗಳ ಮನೆತನ ಅವರದು. ಅಪ್ಪ, ಅಣ್ಣ, ತಮ್ಮ ಎಲ್ಲರೂ ಸ್ಟೇರಿಂಗು ಹಿಡಿದವರೇ. ಇವರು ಮೀಸೆ ಚಿಗುರುವ ವಯಸ್ಸಿನಲ್ಲಿ ಲಾರಿಯ ಕ್ಲೀನರಾಗಿ ಮುಂಬಯಿಗೆ ಹೋದವರು ಅಲ್ಲೇ ಉಳಿದರು. ಸಮುದ್ರದ ದಂಡೆಯ ಒಂದು ದೊಡ್ಡ ಹೋಟೆಲಿನಲ್ಲಿ ಕಾರು ನಿಲ್ಲಿಸುವ ಕೆಲಸ. ಒಳಗೆ ದಿನಾ ಸಂಜೆ ಗೋವಾದವರ ಬ್ಯಾಂಡು. ಇವರು ಹೊರಗೆ ನಿಂತು ಕೇಳಿ ಕೇಳಿ, ಕೇಳಿದ್ದನ್ನು ಕಿಸೆಯ ಮೌತಾರ್ಗನ್ನಿನಲ್ಲಿ ಹುಡುಕುತ್ತಿದ್ದರಂತೆ. ಒಂದು ದಿನ ಸ್ಯಾಕ್ಸೊಫೋನ್ ನುಡಿಸುವ ಗೋವಾದ ಮುದುಕ ಬೀಡಿ ಸೇದಲು ಹೊರಗೆ ಬಂದವನು ಇದನ್ನು ಕೇಳಿ, ಕೈ ಹಿಡಿದು ಒಳಗೆ ಕರೆದೊಯ್ದ. ಆಮೇಲೆ ಬಹಳ ವರ್ಷ ಕಾಕಾ ಆ ಬ್ಯಾಂಡಿನಲ್ಲೇ ಇದ್ದರು. ಕೋಟು ಹಾಕಿಕೊಂಡು ದೀಪದ ಕೆಳಗೆ ನಿಂತು ಬಾರಿಸಿದರು. ಕಡೆಗೆ ಹೋಟೆಲಿನವರಿಗೆ ಮನುಷ್ಯರಿಗಿಂತ ಟೇಪು ಅಗ್ಗವೆಂದು ಗೊತ್ತಾಯಿತು. ಬ್ಯಾಂಡು ಒಡೆಯಿತು, ಮುದುಕ ಗೋವಾಕ್ಕೆ ಹೋದ, ಇವರು ಊರಿಗೆ ಬಂದರು.

ಮುಂಬಯಿಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೆ "ಜಾಝ್" ಎನ್ನುತ್ತಿದ್ದರು. ನಮ್ಮ ಕಡೆಯ ಕಿವಿಗೆ ಅದು "ಜಹಾಜ್" ಎಂದೇ ಕೇಳುವುದು. ಜಹಾಜ್ ಎಂದರೆ ಹಡಗು. ಕಾಕಾ ಹಡಗಿನಲ್ಲಿ ಕೆಲಸಕ್ಕಿದ್ದರು ಎಂದು ಇಡೀ ಪೇಟೆ ನಂಬಿತ್ತು. ಕಟಿಂಗ್ ಅಂಗಡಿಯಲ್ಲಿ ಕುಳಿತವರು, "ಕಾಕಾ, ನಡು ಸಮುದ್ರದಾಗ ನೀರಡಿಕಿ ಆದ್ರ ಏನ ಕುಡೀತಿದ್ರಿ?" ಎಂದು ಕೇಳುವರು. ಮೊದಮೊದಲು ಇವರು ಬಿಡಿಸಿ ಹೇಳುತ್ತಿದ್ದರು. ಆಮೇಲೆ ಬೇಜಾರಾಗಿ, "ಚಾ ಕುಡೀತಿದ್ವಿ" ಎಂದುಬಿಡುತ್ತಿದ್ದರು.

ನಾನೂ ಒಮ್ಮೆ ಕೇಳಿದ್ದೆ, ಜಾಝ್ ಎಂದರೆ ಏನು ಎಂದು. ಕಿತ್ತೂರಿಗೆ ಹೊರಟಿದ್ದೆವು. ಗಾಡಿ ಹೊಡೆಯುತ್ತಲೇ ಹೇಳಿದರು.

"ಈಗ ನೋಡು ಬೇಟಿ, ಕಿತ್ತೂರಿಗೆ ಇದು ಡಾಂಬರ ರಸ್ತೆ. ಎಲ್ಲಾರೂ ಇದರ ಮ್ಯಾಲೇ ಹೋಗತಾರ. ಜಾಝ್ ಅಂದ್ರ, ನಡುವ ಗಾಡಿ ಹೊಲದಾಗ ಇಳಿಸಿಬಿಡೋದು. ಗಿಡ ಸಿಗ್ತಾವು, ಹಳ್ಳ ಸಿಗತೈತಿ, ಯಾರೋ ಪರಿಚಯದವ್ರು ಸಿಗ್ತಾರ. ಎಲ್ಲಾ ಮಾತಾಡ್ಸಿಕೋಂತ ಮಾತಾಡ್ಸಿಕೋಂತ ಕಡೀಕ ಕಿತ್ತೂರಿಗೇ ಬರಬೇಕು. ಬರದಿದ್ರ ಅದು ಜಾಝ್ ಅಲ್ಲ, ದಾರಿ ತಪ್ಪಿದ್ದು."

ಹಿಂದೆ ಕುಳಿತ ಅತ್ತಿ, "ಸಾಬ್ರ, ನೀವು ಡಾಂಬರ ಮ್ಯಾಲೇ ಹೊಡೀರಿ. ನನಗ ನಡಾ ನೋಯತೈತಿ" ಎಂದಳು. ಕಾಕಾ ಸ್ಟೇರಿಂಗಿನ ಮೇಲೆ ಬಿದ್ದು ನಕ್ಕರು.

ಆದರೆ ಸ್ಟೇಜಿನ ಮೇಲೆ ಅದು ನಗುವ ಸಂಗತಿಯಾಗಿರಲಿಲ್ಲ. ಹಾಡಿನ ಒಂದು ಚರಣ ಮುಗಿದು ಇನ್ನೊಂದು ಶುರುವಾಗುವ ನಡುವೆ ಕಾಕಾ ಬಾರಿಸಬೇಕು. ಸಿನಿಮಾದಲ್ಲಿ ಹೇಗಿದೆಯೋ ಹಾಗೆ. ಮೊದಲ ಸಾಲು ಹಾಗೇ ಬಾರಿಸುವರು. ಎರಡನೆಯ ಸಾಲಿಗೆ ಗಾಡಿ ಹೊಲಕ್ಕಿಳಿಯಿತು! ನನಗೆ ಎಲ್ಲಿ ಸೇರಬೇಕೋ ತಿಳಿಯದು. ತಬಲಾದವನು ಮಾಲಕರ ಮುಖ ನೋಡುವನು, ಮಾಲಕರು ಹಲ್ಲು ಕಡಿಯುವರು. ರಾಮದುರ್ಗದಲ್ಲೊಮ್ಮೆ ಮುಂದಿನ ಸಾಲಿನ ಹುಡುಗರು ಸೀಟಿ ಹೊಡೆದು, "ಏ ಹಾಡು ಹಾಕ್ರಿ ಹಾಡು" ಎಂದು ಕೂಗಿದರು. ನನಗೂ ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಇಳಿದು ಬಂದ ಮೇಲೆ ಮಾಲಕರು, "ಏ ಕಾಕಾ, ಹಾಡಿನ್ಯಾಗ ಎಷ್ಟೈತೋ ಅಷ್ಟ ಬಾರಸಪಾ. ಮಂದಿ ಓಡಿ ಹೋಗತೈತಿ" ಎಂದರು. ಕಾಕಾ ಮೌತಾರ್ಗನ್ನನ್ನು ಅಂಗೈಗೆ ಬಡಿದು ಎಂಜಲು ಜಾಡಿಸುತ್ತ, "ಹೂಂ ಮಾಲಕ್ರ" ಎಂದರು. ಮುಂದಿನ ಕಾರ್ಯಕ್ರಮದಲ್ಲಿ ಮತ್ತೆ ಅದೇ.

ಅವರು ಏನು ಮಾಡುತ್ತಿದ್ದರೆಂದು ನನಗೆ ತಿಳಿದದ್ದು ಸ್ಟೇಜಿನ ಮೇಲಲ್ಲ.

ಒಂದು ಮಧ್ಯಾಹ್ನ ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವಾಗ ಟೆಂಪೋ ಕೆಟ್ಟು ನಿಂತಿತು. ಮಾಲಕರು ಬಸ್ಸು ಹಿಡಿದು ಮೆಕ್ಯಾನಿಕ್ಕನನ್ನು ಕರೆತರಲು ಹೋದರು. ಉಳಿದವರು ಬೇವಿನ ಗಿಡದ ನೆರಳಲ್ಲಿ ಅಡ್ಡಾದೆವು. ರಸ್ತೆಯ ಬಗಲಿನ ಹತ್ತಿ ಹೊಲದಲ್ಲಿ ಹೆಣ್ಣುಮಕ್ಕಳು ಕಳೆ ತೆಗೆಯುತ್ತಿದ್ದರು. ಕಾಕಾ ಟೆಂಪೋದ ಫುಟ್‌ಬೋರ್ಡಿನ ಮೇಲೆ ಕುಳಿತು ಬಾರಿಸತೊಡಗಿದರು. ಹಿಂದಿನ ದಿನ ನಾನು ಹಾಡಿದ ಹಾಡೇ. ಆದರೆ ಎಷ್ಟು ನಿಧಾನ! ಒಂದು ಸ್ವರವನ್ನು ಹಿಡಿದು, ಎರಡೂ ಅಂಗೈಗಳಲ್ಲಿ ಮುಚ್ಚಿ ತೆರೆದು, ಅದು ನಡುಗುವಂತೆ ಮಾಡುತ್ತಿದ್ದರು. ಯಾರೋ ಬಾಗಿಲ ಹಿಂದೆ ನಿಂತು ಅಳು ತಡೆದಂತೆ. ಅಲ್ಲಿಂದ ಎತ್ತಲೋ ಇಳಿಯಿತು, ಏರಿತು, ಒಂದೆಡೆ ತುಂಟಾಟ ಮಾಡಿತು... ನನಗೆ ನನ್ನ ಹಾಡೇ ಗುರುತು ಹತ್ತಲಿಲ್ಲ. ಆಮೇಲೆ ಒಮ್ಮೆಲೇ, ಬೇರೆ ದಾರಿಯಿಂದ ಬಂದು ಹಿತ್ತಲ ಬಾಗಿಲಲ್ಲಿ ನಿಂತ ನೆಂಟರ ಹಾಗೆ, ಅದೇ ಹಾಡು ಎದುರಿಗಿತ್ತು.

ನಾನು ಐದಾರು ವರ್ಷ ಗವಾಯಿ ಮಾಸ್ತರರಲ್ಲಿ ಕಲಿತವಳು. ರಾಗ ಬಿಡಿಸುವುದು ಗೊತ್ತಿತ್ತು. ಆದರೆ ಇದು ಅದಲ್ಲ. ರಾಗದಲ್ಲಿ ನಡೆಯುವುದಕ್ಕೊಂದು ಕಟ್ಟಳೆ ಇರುತ್ತದೆ. ಇವರು ಆಯಾ ಗಳಿಗೆಗೆ ಏನು ಅನ್ನಿಸಿತೋ ಅದನ್ನು ಅಂದುಬಿಡುತ್ತಿದ್ದರು, ಮನಸ್ಸು ಬಿಚ್ಚಿ ಮಾತಾಡುವವರ ಹಾಗೆ.

ಹೊಲದಲ್ಲಿ ಹೆಣ್ಣುಮಕ್ಕಳು ಕುಡಗೋಲು ಹಿಡಿದು ಎದ್ದು ನಿಂತಿದ್ದರು. ಅವರಲ್ಲಿ ಒಬ್ಬ ಮುದುಕಿ ಬದುವಿನವರೆಗೂ ಬಂದು, "ಯಾಕೋ ಎಪ್ಪಾ, ನಿಮ್ಮ ಪೈಕಿ ಯಾರರ ತೀರಿಕೊಂಡಾರೇನು?" ಎಂದು ಕೇಳಿದಳು.

ನಾವೆಲ್ಲ ನಕ್ಕೆವು. ಕಾಕಾ ನಗಲಿಲ್ಲ. "ಇಲ್ಲ ಯವ್ವಾ, ಸುಮ್ಮ ಬಾರಿಸಿದೆ" ಎಂದರು. ಮುದುಕಿ ಕಣ್ಣೊರೆಸಿಕೊಂಡು ಹೋದ ಮೇಲೆ ನನ್ನ ಕಡೆ ತಿರುಗಿ, "ಊರಿಗೆ ಬಂದ ಮ್ಯಾಲೆ ಇವತ್ತ ಒಬ್ಬಾಕಿ ಕೇಳಿದ್ಳು" ಎಂದರು. ಅತ್ತಿ ಎಲೆಗೆ ಸುಣ್ಣ ಹಚ್ಚುವುದನ್ನು ಮರೆತು ಕುಳಿತಿದ್ದಳು. "ನಾ ಏನ ಕಿವುಡಿ ಅದೇನೇನು?" ಎಂದು ಗದರಿದಳು.

ಅಂದಿನಿಂದ ಸ್ಟೇಜಿನ ಮೇಲೆ ಅವರು ಹೊಲಕ್ಕಿಳಿದರೆ ನಾನು ಕಾಯಲು ಕಲಿತೆ. ಮಾಲಕರು ಹಲ್ಲು ಕಡಿಯಲಿ ಬಿಡಲಿ.

ಆಮೇಲೆ ಮೌತಾರ್ಗನ್ನಿನ ಒಂದು ನಾಲಿಗೆ ಮುರಿಯಿತು. ನಡುವಿನ ಗಾಂಧಾರ. ಯಾವ ಹಾಡಿಗಾದರೂ ಬೇಕೇಬೇಕಾದ ಸ್ವರ. ಆ ಮೌತಾರ್ಗನ್ನು ಗೋವಾದ ಮುದುಕ ಕೊಟ್ಟದ್ದು, ಪಕ್ಕದ ಗುಂಡಿ ಒತ್ತಿದರೆ ಅರ್ಧ ಸ್ವರಗಳೂ ಬರುವಂಥ ದೊಡ್ಡದು. ಅಂಥದು ನಮ್ಮ ಸೀಮೆಯಲ್ಲಿ ಎಲ್ಲಿ ಸಿಗಬೇಕು? ಬೆಳಗಾವಿ, ಹುಬ್ಬಳ್ಳಿ ಎರಡೂ ಕಡೆ ಕೇಳಿಸಿದೆವು. ಮುಂಬಯಿಗೆ ಹೋಗುವ ಲಾರಿಯವರಿಗೆ ಹೇಳಿ ಕಳಿಸಿದರು. ಒಬ್ಬ ಖುಷಿಯಿಂದ ಬಂದು ಕೈಗಿಟ್ಟದ್ದು ಏನೆಂದುಕೊಂಡಿರಿ? ಬಣ್ಣದ ಡಬ್ಬಿಯಲ್ಲಿದ್ದ ಮಕ್ಕಳ ಆಟಿಕೆ! ಪಾಪ, ಅವನದೇನು ತಪ್ಪು? ಕಾಕಾ ಅವನಿಗೆ ಚಹಾ ಕುಡಿಸಿ ಕಳಿಸಿ, ಅದನ್ನು ತಮ್ಮನ ಮಗಳಿಗೆ ಕೊಟ್ಟರು. ಅಕ್ಕಸಾಲಿಗರೊಬ್ಬರು ಮುರಿದ ನಾಲಿಗೆಗೆ ಬೆಸುಗೆ ಹಾಕಿಕೊಟ್ಟರು; ಅದು ಬೆಕ್ಕಿನ ಹಾಗೆ ಕಿರುಚಿತು. ಕಡೆಗೆ ಆ ಸ್ವರವಿಲ್ಲದೆಯೇ ಬಾರಿಸುವುದನ್ನು ರೂಢಿ ಮಾಡಿಕೊಂಡರು. ರಿಷಭದಿಂದ ಮೆಲ್ಲಗೆ ಮೇಲೆ ಜಾರುವರು, ಗಾಂಧಾರದ ಹೊಸ್ತಿಲ ತನಕ ಬಂದು ನಿಲ್ಲುವರು, ಒಂದು ಗಳಿಗೆ ಬಿಟ್ಟು ಆಚೆಗೆ ದಾಟುವರು. ಕೇಳುವವರ ಕಿವಿಯೇ ಆ ಸ್ವರವನ್ನು ಅಂದುಕೊಳ್ಳುತ್ತಿತ್ತು. ನಾನು ಹೊಗಳಿದರೆ ರೇಗಿಬಿದ್ದರು. "ಕುಂಟ ಕುಂಟಿದ್ರ ಅದಕ್ಕ ಕುಣಿತ ಅಂತಾರೇನ ಬೇಟಿ? ನನಗ ಗಾಂಧಾರ ಬೇಕು."

ಆ ದಿನಗಳಲ್ಲೇ ಹುಬ್ಬಳ್ಳಿಯ ಕ್ಯಾಸೆಟ್ಟು ಕಂಪನಿಯವರೊಬ್ಬರು ಸವದತ್ತಿಯ ಕಾರ್ಯಕ್ರಮದಲ್ಲಿ ನನ್ನ ಹಾಡು ಕೇಳಿ, ಭಕ್ತಿಗೀತೆಗಳ ಕ್ಯಾಸೆಟ್ಟು ಮಾಡೋಣ ಎಂದರು. ನಮ್ಮ ಮನೆಯಲ್ಲಿ ಹಬ್ಬ. ಭಕ್ತಿಗೀತೆ ಎಂದಮೇಲೆ ಅಪ್ಪನೂ ಒಪ್ಪಿದರು. ನಾನು ಒಂದೇ ಮಾತು ಹೇಳಿದೆ: ಒಂದು ಹಾಡಿನಲ್ಲಾದರೂ ಕಾಕಾ ಬಾರಿಸಬೇಕು. ಕಂಪನಿಯವರು ಹೂಂ ಎಂದರು.

ಹುಬ್ಬಳ್ಳಿಯಲ್ಲಿ ರೆಕಾರ್ಡಿಂಗ್ ಇದ್ದ ದಿನ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಗೋಡೆಗೆಲ್ಲ ಗೋಣಿತಾಟು ಬಡಿದ ಸಣ್ಣ ಕೋಣೆ. ಫ್ಯಾನು ಹಚ್ಚುವಂತಿಲ್ಲ, ಸೆಕೆಯೋ ಸೆಕೆ. ನನ್ನ ಎರಡನೆಯ ಚರಣ ಮುಗಿದು, ಅವರ ಸರದಿ ಬಂತು. ಒಂದೇ ಸಲಕ್ಕೆ ಬಾರಿಸಿದರು. ಹತ್ತಿ ಹೊಲದ ಮಧ್ಯಾಹ್ನಕ್ಕಿಂತಲೂ ಮೇಲು. ಕಂಪನಿ ಹೇಳಿದಷ್ಟೇ ಹೊತ್ತಿನಲ್ಲಿ ಇಳಿದು, ಸುತ್ತಾಡಿ, ಒಂದು ಕೂದಲೆಳೆಯಷ್ಟೂ ತಪ್ಪದೆ ನನ್ನ ಸಾಲಿನ ಬಾಗಿಲಿಗೆ ಬಂದು ನಿಂತರು. ನನ್ನ ದನಿ ತಾನಾಗಿ ಎದ್ದುಕೊಂಡಿತು. ಯಂತ್ರದ ಮುಂದಿದ್ದ ಹುಡುಗ ಗಾಜಿನಾಚೆಯಿಂದ ಹೆಬ್ಬೆರಳು ತೋರಿಸಿದ. ಮರಳಿ ಬರುವಾಗ ಧಾರವಾಡದಲ್ಲಿ ಟೆಂಪೋ ನಿಲ್ಲಿಸಿ ಕಾಕಾ ಎಲ್ಲರಿಗೂ ಫೇಡೆ ಕೊಡಿಸಿದರು. ಅವರು ದಾರಿಯುದ್ದಕ್ಕೂ ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಕ್ಯಾಸೆಟ್ಟು ಬಂತು. ಮಾಲಕರ ಅಂಗಡಿಯ ಮುಂದೆ ದೊಡ್ಡ ಸ್ಪೀಕರು ಇಟ್ಟು ಹಚ್ಚಿದರು. ಪೇಟೆಯ ಮಂದಿ ನೆರೆದಿತ್ತು. ಕಾಕಾ ಚಹಾದ ಬಟ್ಟಲು ಹಿಡಿದು ಕಂಬಕ್ಕೊರಗಿ ನಿಂತಿದ್ದರು. ಎರಡನೆಯ ಚರಣ ಮುಗಿಯಿತು. ಮೌತಾರ್ಗನ್ನು ಕೇಳಿಸಿತು...

ಅದು ಕಾಕಾ ಆಗಿರಲಿಲ್ಲ. ಕೀಬೋರ್ಡು! ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಮೌತಾರ್ಗನ್ನಿನ ದನಿ ಬರುತ್ತದೆ, ನೋಡಿ. ಅದನ್ನು ಒತ್ತಿ, ಹಾಡಿನ ಮೊದಲ ಸಾಲನ್ನೇ ಚಪ್ಪಟೆಯಾಗಿ ಎರಡು ಸಲ ಬಾರಿಸಿಟ್ಟಿದ್ದರು. ಗಾಂಧಾರ ಮಾತ್ರ ಸ್ಪಷ್ಟವಾಗಿ, ಗಂಟೆ ಹೊಡೆದಂತೆ ಇತ್ತು.

ಕಟಿಂಗ್ ಅಂಗಡಿಯವರು ಓಡಿ ಬಂದು ಕಾಕಾನ ಕೈ ಹಿಡಿದರು. "ಏನ್ ಬಾರಿಸೀರಿ ಕಾಕಾ! ಈಗ ನೋಡ್ರಿ ಹಾದಿಗಿ ಬಂದ್ರಿ!"

"ಅದು ನಾ ಅಲ್ಲೋ" ಎಂದರು ಕಾಕಾ.

"ಏ, ನಾಚತಾರ ನೋಡ್ರಿ ಕಾಕಾ" ಎಂದು ಎಲ್ಲರೂ ನಕ್ಕರು.

ನನಗೆ ಮೈ ಉರಿದುಹೋಯಿತು. ಮರುದಿನವೇ ಅತ್ತಿಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ. ಕಂಪನಿಯವರು ಕುರ್ಚಿ ಕೊಟ್ಟರು, ಸೋಡಾ ತರಿಸಿದರು, ಬಹಳ ಮರ್ಯಾದೆಯಿಂದ ಹೇಳಿದರು: "ಛಲೋ ಬಾರಿಸಿದ್ರು ಬಿಡ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಮಂದಿಗೆ ತಿಳೀಬೇಕಲ್ರಿ? ದೇವರ ಹಾಡಿನ್ಯಾಗ ಯಾರೋ ಅಳಾಕ ಹತ್ತಿದಂಗ ಆಗತಿತ್ತು."

"ಆತು. ಅವರು ಬಾರಿಸಿದ್ದರ ಟೇಪು ಕೊಡ್ರಿ" ಎಂದೆ.

"ಅದರ ಮ್ಯಾಲೇ ಕೀಬೋರ್ಡು ಹಾಕೇವ್ರಿ ಅಕ್ಕಾರ. ಅದಿಲ್ಲ ಈಗ."

ಅದಿಲ್ಲ ಈಗ. ಇಷ್ಟೇ. ಅತ್ತಿ ಎದ್ದು ನಿಂತು, ಮುಟ್ಟದ ಸೋಡಾವನ್ನು ಅವರ ಮೇಜಿನ ನಡುವೆ ಕುಕ್ಕಿ, "ದೇವರ ಮುಂದ ಅಳದ ಮತ್ತ ನಿನ್ನ ಮುಂದ ಅಳಬೇಕೇನು?" ಎಂದಳು. ಅವರು ನಕ್ಕರೇ ಹೊರತು ಸಿಟ್ಟಿಗೇಳಲೂ ಇಲ್ಲ. ಜಗಳವಾಡಲಾದರೂ ಯಾರಾದರೂ ಸಿಗಬೇಕಲ್ಲ? ಎಲ್ಲರೂ ಒಳ್ಳೆಯವರೇ, ಎಲ್ಲರೂ ನಗುವವರೇ.

ಮಾಲಕರೂ ಒಂದು ಕೀಬೋರ್ಡು ತಂದರು. ಆ ಗುಂಡಿ ಒತ್ತಿ ತೋರಿಸಿ, "ಕಾಕಾ, ನೀ ಇದರಾಗ ಅದಿ ನೋಡು. ಇನ್ನ ಆರಾಮ ಗಾಡಿ ಹೊಡಿ" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ವಯಸ್ಸಾದವರಿಗೆ ಶ್ರಮ ಕಡಿಮೆಯಾಗಲಿ ಎಂದುಕೊಂಡಿದ್ದರು. ಅದೇ ಇನ್ನೂ ಕೆಟ್ಟದ್ದು. ಕಾಕಾ ಅಂದು ಸ್ಟೇಜಿನಿಂದ ಇಳಿದವರು ಮತ್ತೆ ಹತ್ತಲಿಲ್ಲ. ಗಾಡಿಯಲ್ಲೇ ಕುಳಿತಿರುತ್ತಿದ್ದರು. ನಾನು ಹಾಡಿ ಬಂದರೆ "ಛಲೋ ಹಾಡಿದಿ ಬೇಟಿ" ಎನ್ನುತ್ತಿದ್ದರು. ಆ ಮಾತು ಕೇಳಲು ನನಗೆ ಆಗುತ್ತಿರಲಿಲ್ಲ.

ಮರುವರ್ಷ ನನ್ನ ಮದುವೆ ಗೊತ್ತಾಯಿತು. ಹುಡುಗ ಮುರಗೋಡದವರು, ಧಾರವಾಡದಲ್ಲಿ ಬ್ಯಾಂಕಿನ ನೌಕರಿ. ಅರಿಷಿಣದ ದಿನ ಮಧ್ಯಾಹ್ನ ನಮ್ಮ ಮನೆಯ ಅಂಗಳ ತುಂಬ ಹೆಣ್ಣುಮಕ್ಕಳು. ಅತ್ತಿ ಕಾಕಾನನ್ನು ಕರೆಸಿದಳು. ಎಲ್ಲರೂ ಕೇಳುವಂತೆ ಹೇಳಿದಳು: "ಸಾಬ್ರ, ಯಾರ ಹಾಡೂ ಬ್ಯಾಡ. ನಿಮ್ಮ ಮನಸಿಗೆ ಹೆಂಗ ಬರತೈತೋ ಹಂಗ ಬಾರಸ್ರಿ. ಇದು ನಮ್ಮ ಮನಿ. ಇಲ್ಲೆ ಸೀಟಿ ಹೊಡಿಯಾವ್ರು ಯಾರಿಲ್ಲ."

ಕಾಕಾ ಕಟ್ಟೆಯ ಮೇಲೆ ಕುಳಿತರು. ಕಿಸೆಯಿಂದ ತೆಗೆದು, ಕಣ್ಣು ಮುಚ್ಚಿದರು. ಶುರುವಾಗಿ ಬಹಳ ಹೊತ್ತಾಗಿರಲಿಲ್ಲ, ಓಣಿಯ ತುದಿಯಲ್ಲಿ ಗಂಡಿನ ಕಡೆಯವರ ಬ್ಯಾಂಡು ಧಡಧಡ ಎಂದಿತು. ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಿದ್ದರು! ನನಗೆ ಅಳು ಬಂತು. ಇದೊಂದು ದಿನವಾದರೂ...

ಬ್ಯಾಂಡಿನವರು ಅಂಗಳಕ್ಕೆ ಬಂದು ನಿಂತರು. ಕಾಕಾ ನಿಲ್ಲಿಸಲಿಲ್ಲ. ಬ್ಯಾಂಡು ಯಾವ ಹಾಡು ಬಾರಿಸುತ್ತಿತ್ತೋ ಅದಕ್ಕೇ ಕೈ ಹಾಕಿ, ಅದರ ಒಂದು ಸಾಲನ್ನು ಎತ್ತಿಕೊಂಡು ತಿರುವಿಹಾಕಿದರು. ಬ್ಯಾಂಡಿನ ಮುಂದಿದ್ದವನು ಕ್ಲಾರ್ನೆಟ್ ಊದುವವನು, ಮುರಗೋಡದವನು, ಮೂವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಅವನು ಹುಬ್ಬೇರಿಸಿದ. ಕೈಯೆತ್ತಿ ಢೋಲಿನವರನ್ನು ಸುಮ್ಮನಾಗಿಸಿದ. ಕಾಕಾ ಬಾರಿಸಿದ ತಿರುವನ್ನು ಕ್ಲಾರ್ನೆಟ್ಟಿನಲ್ಲಿ ಮರಳಿ ಬಾರಿಸಿ, ಕೊನೆಗೆ ತನ್ನದೊಂದು ಕೊಂಕು ಸೇರಿಸಿದ. ಕಾಕಾ ಕಣ್ಣು ತೆರೆದರು.

ಆ ಕಣ್ಣು ನಾನು ಮರೆಯಲಾರೆ. ಪರದೇಶದಲ್ಲಿ ವರ್ಷಗಟ್ಟಲೆ ಇದ್ದವನಿಗೆ ಹಿಂದಿನಿಂದ ಯಾರೋ ತನ್ನ ಭಾಷೆಯಲ್ಲಿ ಕರೆದರೆ ಹೇಗೆ ತಿರುಗಿ ನೋಡಿಯಾನು, ಹಾಗೆ.

ಕಟ್ಟೆಯಿಂದ ಇಳಿದು ಅವನೆದುರು ನಿಂತರು. ಇವರು ಒಂದು ಕೇಳುವರು, ಅವನು ಒಂದು ಹೇಳುವನು. ಇವರು ಕೆಣಕುವರು, ಅವನು ತಪ್ಪಿಸಿಕೊಂಡು ನಗುವನು. ಗಾಂಧಾರದ ಜಾಗದಲ್ಲಿ ಇವರು ನಿಂತು ಹಿಂಜರಿದದ್ದನ್ನು ಅವನು ಒಂದೆರಡು ಸಲ ಗಮನಿಸಿದ. ಮೂರನೆಯ ಸಲಕ್ಕೆ ಸರಿಯಾಗಿ ಆ ಹೊಸ್ತಿಲಲ್ಲಿ ತನ್ನ ಕ್ಲಾರ್ನೆಟ್ಟಿನ ಗಾಂಧಾರವನ್ನು ಮೆತ್ತಗೆ ಇಟ್ಟುಕೊಟ್ಟ. ಕಾಕಾ ಅದರ ಮೇಲೆ ಕಾಲಿಟ್ಟು ದಾಟಿದರು. ಅರಿಷಿಣದ ಬಟ್ಟಲು ಹಿಡಿದವರು ಹಾಗೇ ನಿಂತಿದ್ದರು.

ಅಷ್ಟರಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು, "ಏ ಬ್ಯಾಂಡಿನವ್ರ, ಇದೇನ ಹಚ್ಚೀರಿ? ಹೊತ್ತ ಹೋಗಾಕ ಹತ್ತೈತಿ. ಹೂಂ, ಹೊಡೀರಿ ಢೋಲು!" ಎಂದು ಗದ್ದಲ ಮಾಡಿದರು. ಢೋಲು ಬಿತ್ತು. ಎಲ್ಲ ಮುಗಿಯಿತು. ಅವರು ನನ್ನ ದೊಡ್ಡಮಾವ. ಮುಂದೆ ಎಷ್ಟೋ ವರ್ಷ ಅವರಿಗೆ ನಾನು ಚಹಾ ಕೊಟ್ಟಿದ್ದೇನೆ, ಒಂದು ದಿನವೂ ಮನಸ್ಸಿನಿಂದ ಕೊಟ್ಟಿಲ್ಲ.

ಸಂಜೆ ಕಾಕಾ ನನಗೆ ಹರಸಲು ಬಂದರು. ಮುಖ ಬೆವೆತು ಹೊಳೆಯುತ್ತಿತ್ತು. "ಇಷ್ಟ ವರ್ಷ ನನಗ ಕೇಳಾವ್ರು ಬೇಕು, ಕೇಳಾವ್ರು ಬೇಕು ಅಂತ ತಿಳ್ಕೊಂಡಿದ್ನೆಲ್ಲ ಬೇಟಿ, ಅಲ್ಲ. ತಿರುಗಿ ಮಾತಾಡಾವ್ರು ಬೇಕಾಗಿತ್ತು" ಎಂದರು.

ಆಮೇಲೆ ಬಿಡುವಾದಾಗಲೆಲ್ಲ ಮುರಗೋಡಕ್ಕೆ ಬರುತ್ತಿದ್ದರಂತೆ. ಕ್ಲಾರ್ನೆಟ್ಟಿನವನ ಮನೆಯ ಪಡಸಾಲೆಯಲ್ಲಿ ಇಬ್ಬರೂ ಎದುರುಬದುರು ಕುಳಿತು ಬಾರಿಸುತ್ತಿದ್ದರಂತೆ. ಹಬ್ಬಕ್ಕೆ ಹೋದಾಗ ಗಂಡನ ಮನೆಯವರು ಹೇಳುತ್ತಿದ್ದರು. ನಾನು ಧಾರವಾಡದಲ್ಲಿ ಸಂಸಾರ ಹೂಡಿದ್ದೆ. ಅವರು ಬಂದ ದಿನ ನಾನಿಲ್ಲ, ನಾನು ಹೋದ ದಿನ ಅವರಿಲ್ಲ. ಒಂದು ಸಲವೂ ಕೂಡಿ ಬರಲಿಲ್ಲ ಎಂದರೆ ನಂಬುತ್ತೀರಾ?

ಎರಡು ಸಾವಿರದ ಇಸವಿ ದಾಟಿತು. ಊರೂರಿಗೆ ಡಿಜೆ ಬಂತು. ಆರ್ಕೆಸ್ಟ್ರಾ ಮುಚ್ಚಿತು. ಮಾಲಕರು ಟೆಂಪೋವನ್ನು ಹತ್ತಿ ಸಾಗಿಸಲು ಹಚ್ಚಿದರು. ಸಂಪಗಾಂವ, ಚಚಡಿಯ ಹೊಲಗಳಿಂದ ಹತ್ತಿ ಹೇರಿಕೊಂಡು ಜಿನ್ನಿಗೆ ತರುವುದು ಕಾಕಾನ ಕೆಲಸ. ಹತ್ತಿಯಿಂದ ಕಾಳು ಬಿಡಿಸುವ ಆ ಕಾರಖಾನೆಯೊಳಗೆ ಗಾಳಿಯೇ ಬೆಳ್ಳಗೆ ಇರುತ್ತದೆ. ಗಾಡಿ ಖಾಲಿಯಾಗುವ ತನಕ ಅಲ್ಲೇ ಕೂರಬೇಕು. ಎರಡು ಹಂಗಾಮು ಕಳೆಯುವಷ್ಟರಲ್ಲಿ ಕೆಮ್ಮು, ಮೂರನೆಯದಕ್ಕೆ ಉಬ್ಬಸ. ಜೀವಮಾನವೆಲ್ಲ ಉಸಿರಿನಿಂದಲೇ ಬದುಕಿದ ಮನುಷ್ಯನಿಗೆ ಕಡೆಗೆ ಸಿಕ್ಕ ಕೆಲಸ ಉಸಿರು ಕಟ್ಟುವ ಕೆಲಸ.

ನನ್ನ ಗಂಡ ಕಚೇರಿಯ ಕೆಲಸಕ್ಕೆ ಮುಂಬಯಿಗೆ ಹೋದಾಗ ನಾನು ಹಟ ಹಿಡಿದು ಅಂಥದೇ ಒಂದು ಮೌತಾರ್ಗನ್ನು ತರಿಸಿದೆ. ಪಕ್ಕದಲ್ಲಿ ಗುಂಡಿ ಇರುವುದೇ, ಎಲ್ಲ ಸ್ವರವೂ ಇರುವುದೇ. ಬೈಲಹೊಂಗಲಕ್ಕೆ ಓಡಿದೆ. ಕಾಕಾ ಹಗ್ಗದ ಮಂಚದ ಮೇಲೆ ದಿಂಬಿಗೊರಗಿ ಕುಳಿತಿದ್ದರು. ಡಬ್ಬಿ ತೆರೆದು, ಅಂಗೈಯಲ್ಲಿ ಇಟ್ಟುಕೊಂಡು, ಮಗುವಿನ ಬೆನ್ನು ಸವರುವಂತೆ ಸವರಿದರು. ತುಟಿಗಿಟ್ಟು ನೇರ ಗಾಂಧಾರಕ್ಕೇ ಹೋದರು. ಸ್ವರ ಬಂತು. ಶುದ್ಧವಾಗಿ, ತುಂಬಿಕೊಂಡು ಬಂತು. ಬೆನ್ನಿಗೇ ಕೆಮ್ಮು. ನಿಲ್ಲದ ಕೆಮ್ಮು. ತಮ್ಮನ ಹೆಂಡತಿ ಓಡಿ ಬಂದು ಬೆನ್ನು ತಿಕ್ಕಿದಳು.

ಕೆಮ್ಮು ನಿಂತ ಮೇಲೆ ಡಬ್ಬಿ ಮುಚ್ಚಿ ತಲೆದಿಂಬಿನ ಬಗಲಿಗೆ ಇಟ್ಟುಕೊಂಡರು. "ಉಸರ ಇದ್ದಾಗ ಇದು ಇರಲಿಲ್ಲ. ಇದು ಬಂದಾಗ ಉಸರ ಇಲ್ಲ. ಇರ್ಲಿ ಬೇಟಿ, ಇನ್ನೊಂದೀಟ ಆರಾಮ ಆದ ಮ್ಯಾಲೆ ನೋಡೂಣು" ಎಂದರು. ನಾನು ಹೂಂ ಎಂದೆ. ಆರಾಮಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವರು ಹೋದ ಸುದ್ದಿ ನನಗೆ ತಿಳಿದದ್ದು ಹೇಗೆ ಗೊತ್ತೇ? ಅಪ್ಪ ಫೋನಿನಲ್ಲಿ ಆ ಸಲದ ಹತ್ತಿಯ ಧಾರಣೆ ಹೇಳಿದರು, ಮಳೆಯ ಸಂಗತಿ ಹೇಳಿದರು, ಇಡುವ ಹೊತ್ತಿಗೆ, "ಅಂದಂಗ ನಿಮ್ಮ ಮೌತಾರ್ಗನ್ ಕಾಕಾ ಹೋದ್ನಲ್ಲ. ತಿಂಗಳ ಮ್ಯಾಲಾತು. ಹೇಳೋದ ಮರ್ತಿದ್ದೆ" ಎಂದರು. ಅತ್ತಿ ಆಗ ಇದ್ದಿದ್ದರೆ ಮರೆಯಲು ಬಿಡುತ್ತಿರಲಿಲ್ಲ. ಅವಳು ಅವರಿಗಿಂತ ಮೊದಲೇ ಹೋಗಿದ್ದಳು.

ಯಾರ ಹತ್ತಿರ ಹೋಗಿ ಅಳುವುದು? ಮುರಗೋಡಕ್ಕೆ ಹೋದೆ. ಕ್ಲಾರ್ನೆಟ್ಟಿನವನ ಮನೆ ಹುಡುಕಿದೆ. ಅವನ ಕೂದಲೂ ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ಕಂಡವನೇ ಒಳಗಿನಿಂದ ಕುರ್ಚಿ ತಂದು ಹಾಕಿ, "ಕುಂದರ್ರಿ ಅಕ್ಕಾರ" ಎಂದ. ನಾನು ಕುಳಿತೆ. ಆಮೇಲೆ ನಾನೇ ಕೇಳಿದೆ: ಅಂದು ನಮ್ಮ ಅಂಗಳದಲ್ಲಿ ಬಾರಿಸಿದ್ದು ನೆನಪಿದೆಯೇ, ಒಂದು ಸಲ ಬಾರಿಸಿ ತೋರಿಸುತ್ತೀರಾ ಎಂದು.

ಗೋಡೆಯ ಗೂಟದಿಂದ ಕ್ಲಾರ್ನೆಟ್ ಇಳಿಸಿ, ಪಂಚೆಯಿಂದ ಒರೆಸಿ, ಊದಿದ. ಮೊದಲ ಸಾಲು ಬಂತು, ಅದೇ ಕೊಂಕಿನ ಸಮೇತ. ಸಾಲು ಮುಗಿಯಿತು. ಅವನು ಕ್ಲಾರ್ನೆಟ್ಟನ್ನು ತುಟಿಯಿಂದ ತುಸು ದೂರ ಹಿಡಿದು, ತಲೆ ಓರೆ ಮಾಡಿ ಕಾದ. ಕಾದೇ ಕಾದ. ಕಡೆಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಮುಂದಿಂದು ಅವರದ್ರಿ ಅಕ್ಕಾರ" ಎಂದ.

ಅದಾಗಿ ಬಹಳ ವರ್ಷವಾಯಿತು. ನಾನೀಗ ಮನೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ. ಒಬ್ಬಳೇ ಇದ್ದಾಗ ಕಾಕಾ ಬಾರಿಸಿದ್ದನ್ನು ನೆನಪಿಸಿಕೊಳ್ಳಲು ಕೂರುತ್ತೇನೆ. ಹಾಡು ಬರುತ್ತದೆ, ಸಿನಿಮಾದಲ್ಲಿದ್ದಷ್ಟು ಪೂರ್ತಿ ಬರುತ್ತದೆ. ಎಲ್ಲಿ ಇಳಿದರು ಎಂಬುದೂ ಹೊಳೆಯುತ್ತದೆ. ಆಚೆಗೆ ಏನೂ ಇಲ್ಲ. ಒಂದು ಸಲ ಬಾರಿಸಿದ್ದನ್ನು ಅವರು ಇನ್ನೊಂದು ಸಲ ಬಾರಿಸಿದವರಲ್ಲ. ಹಾಗಾಗಿ ಯಾರಿಗೂ ಅದು ಬಾಯಿಪಾಠವಾಗಲಿಲ್ಲ, ನನಗೂ ಆಗಲಿಲ್ಲ. ಡಾಕ್ಟರು ಹಲ್ಲಿನ ನೋವು ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂದಿದ್ದರು. ಅದೇನೋ ಇಳಿದಿದೆ.